ನಮ್ಮ ಬಿಸಿಲಿಗೆ, ನಮ್ಮ ರೈಲಿಗೆ ತಕ್ಕ ಗಿಟಾರ್

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನನಗೆ ಒಂದು ಫೋನ್ ಬಂದೇ ಬರುತ್ತದೆ. "ಮೇಡಂ, ಹುಡ್ಗ ಗಿಟಾರ್ ಬೇಕು ಅನ್ಲಿಕತ್ಯಾನ್ರಿ. ಯಾವ್ದು ಕೊಡಸ್ಬೇಕ್ರಿ? ಭಾಳ ರೊಕ್ಕ ಇಲ್ರಿ." ಕೇಳುವವರು ನಮ್ಮ ಶಾಲೆಯ ಮಕ್ಕಳ ತಂದೆ-ತಾಯಿ, ಇಲ್ಲವೇ ನಮ್ಮ ಓಣಿಯವರು. ಮಗನೋ ಮಗಳೋ ಓದಲು ಬೆಂಗಳೂರಿಗೆ, ಧಾರವಾಡಕ್ಕೆ, ಹೈದರಾಬಾದಿಗೆ ಹೊರಟಿರುತ್ತಾರೆ. ಗಿಟಾರೂ ಅವರ ಜೊತೆ ಹಾಸ್ಟೆಲಿಗೆ ಹೋಗಬೇಕು, ಹಬ್ಬಕ್ಕೆ ಮನೆಗೆ ಬರಬೇಕು. ನಿಮ್ಮ ಪತ್ರಿಕೆಯಲ್ಲಿ ಮೊಬೈಲ್ ಕೊಳ್ಳುವವರಿಗೆ, ಬೈಕ್ ಕೊಳ್ಳುವವರಿಗೆ ಸಲಹೆ ಬರುತ್ತದೆ. ವಾದ್ಯ ಕೊಳ್ಳುವವರಿಗೆ ಅಂಥದ್ದು ಬಂದದ್ದನ್ನು ನಾನು ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದಷ್ಟು ಕತ್ತರಿಸದೆ ಹಾಕಬೇಕೆಂದು ವಿನಂತಿ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ, ಶಾಲೆ ಯಾದಗಿರಿ ಹತ್ತಿರದ ಒಂದು ಹಳ್ಳಿಯಲ್ಲಿ. ಬೆಳಗ್ಗೆ ರೈಲು ಹತ್ತಿದರೆ ಶಹಾಬಾದ್, ವಾಡಿ, ನಾಲವಾರ ದಾಟಿ ಯಾದಗಿರಿ. ಅಲ್ಲಿಂದ ಮುಂದೆ ಟಂಟಂ ಆಟೊ. ಚಿಕ್ಕಂದಿನಲ್ಲಿ ಮಠದ ಭಜನೆಯಲ್ಲಿ ಹಾರ್ಮೋನಿಯಂ ಕಲಿತವಳು. ನೌಕರಿಗೆ ಸೇರಿದ ಮೇಲೆ ಮಕ್ಕಳಿಗೆ ಹಾಡು ಹೇಳಿಕೊಡೋಣ ಎನಿಸಿತು, ಆದರೆ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ದಿನಾ ರೈಲು ಹತ್ತಲು ಆಗುವುದಿಲ್ಲ. ಹಾಗಾಗಿ ಗಿಟಾರ್ ಕಲಿತೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಉಳಿಯುವ ಮಕ್ಕಳಿಗೆ ವಚನ, ಜನಪದ ಹಾಡು, ಅವರೇ ಕೇಳುವ ಸಿನಿಮಾ ಹಾಡು ಎಲ್ಲವನ್ನೂ ಅದರ ಮೇಲೆ ನುಡಿಸುತ್ತೇನೆ. ನನ್ನದು ಮುಕ್ಕಾಲು ಸೈಜಿನ ಪ್ಲೈವುಡ್ ಗಿಟಾರ್. ನಮ್ಮ ಭಾಗದಿಂದ ಊರೂರು ತಿರುಗುವವರು ಇಂಥದ್ದನ್ನೇ ಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ಲೈವುಡ್ ಎಂದ ಕೂಡಲೇ ಗಿಟಾರ್ ಬಲ್ಲವರು ಹುಬ್ಬೇರಿಸುತ್ತಾರೆ. ಎಲ್ಲ ವಿಡಿಯೊದಲ್ಲೂ ಹೇಳುವುದು ಒಂದೇ ಮಾತು: ಸಾಲಿಡ್ ಟಾಪ್ ತಗೊಳ್ಳಿ, ಅಂದರೆ ಮುಂಭಾಗದ ಹಲಗೆ ಪದರ ಅಂಟಿಸಿದ್ದಲ್ಲ, ಇಡೀ ಮರದ್ದಾಗಿರಲಿ. ಮಾತು ಸುಳ್ಳಲ್ಲ. ಅಂಥ ಹಲಗೆ ಚೆನ್ನಾಗಿ ಕಂಪಿಸುತ್ತದೆ, ದನಿ ತುಂಬಿ ಬರುತ್ತದೆ, ವರ್ಷ ಕಳೆದಂತೆ ಇನ್ನೂ ಬಿಚ್ಚಿಕೊಳ್ಳುತ್ತದೆ. ಆದರೆ ಆ ಸಲಹೆ ಕೊಡುವವರು ಏಪ್ರಿಲ್ ತಿಂಗಳಲ್ಲಿ ಕಲಬುರಗಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮಧ್ಯಾಹ್ನ ನಿಂತವರಲ್ಲ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಮನುಷ್ಯರಿಗೇ ತಡೆಯದ ಬಿಸಿಲನ್ನು ಎರಡೂವರೆ-ಮೂರು ಮಿಲಿಮೀಟರ್ ದಪ್ಪದ ಹಲಗೆ ತಡೆದುಕೊಳ್ಳಬೇಕು.

ಮರ ಒಣಗಿದರೆ ಕುಗ್ಗುತ್ತದೆ, ತೇವ ಹೀರಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತದಲ್ಲ, ಅದೇ ಸಂಗತಿ. ಎಳೆಯ ಉದ್ದಕ್ಕೆ ಮರ ಹೆಚ್ಚೇನೂ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಪದರವಿಲ್ಲದ ಇಡೀ ಮರದ ಹಲಗೆಯಲ್ಲಿ ಎಳೆಯೆಲ್ಲ ಒಂದೇ ಕಡೆಗೆ ಇರುವುದರಿಂದ ಜಾಸ್ತಿ ಒಣಗಿದಾಗ ಎಳೆಯ ಗುಂಟ ಸೀಳು ಬಿಡುತ್ತದೆ. ಪ್ಲೈವುಡ್ಡಿನಲ್ಲಿ ಮೂರು ತೆಳು ಪದರ ಇರುತ್ತವೆ. ನಡುವಿನ ಪದರದ ಎಳೆ ಅಡ್ಡಕ್ಕೆ ಇರುತ್ತದೆ, ಒಂದನ್ನೊಂದು ಕುಗ್ಗಲು ಬಿಡುವುದಿಲ್ಲ. ದನಿ ಸ್ವಲ್ಪ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಗಿಟಾರ್ ಉಳಿಯುತ್ತದೆ.

ಗಿಟಾರ್ ಮಾಡುವವರು ಗಾಳಿಯ ತೇವಾಂಶ 45ರಿಂದ 55 ಪರ್ಸೆಂಟ್ ಇದ್ದರೆ ಒಳ್ಳೆಯದು ಎನ್ನುತ್ತಾರೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಅದು ಎಷ್ಟೋ ಕೆಳಗೆ ಇಳಿದಿರುತ್ತದೆ. ಇದರ ಮೇಲೆ ನಮ್ಮ ಮನೆಗಳ ಕೂಲರ್. ರಾತ್ರಿಯಿಡೀ ಒದ್ದೆ ಗಾಳಿ ಊದುತ್ತದೆ, ಬೆಳಗ್ಗೆ ಆಫ್ ಮಾಡಿದರೆ ಮತ್ತೆ ಒಣಗಾಳಿ. ಮರಕ್ಕೆ ಇದು ಬರೀ ಒಣ ಹವೆಗಿಂತ ಕೆಟ್ಟದ್ದು, ದಿನಕ್ಕೊಮ್ಮೆ ಉಬ್ಬಿ ದಿನಕ್ಕೊಮ್ಮೆ ಕುಗ್ಗಬೇಕು. ಯಾವ ಗಿಟಾರೇ ಇರಲಿ, ಕೂಲರಿನ ಎದುರು ಇಡಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ. ಅಲ್ಲಿಯ ಶಾಖಕ್ಕೆ ಅಂಟು ಮೆತ್ತಗಾಗಿ ತಂತಿ ಕಟ್ಟಿದ ಬ್ರಿಡ್ಜ್ ಮೇಲೆದ್ದು ಬರುತ್ತದೆ. ಆಗ ಪ್ಲೈವುಡ್ ಕೂಡ ಕಾಪಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಸಾಲಿಡ್ ಟಾಪ್ ಇರುವವರು ಸೋಪಿನ ಡಬ್ಬಿಗೆ ತೂತು ಮಾಡಿ, ಒಳಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜ್ ಹಾಕಿ, ಬ್ಯಾಗಿನಲ್ಲಿ ಗಿಟಾರಿನ ತಲೆಯ ಹತ್ತಿರ ಇಡಲಿ. ಎರಡು ದಿನಕ್ಕೊಮ್ಮೆ ಮತ್ತೆ ಒದ್ದೆ ಮಾಡಿದರೆ ಸಾಕು.

ಇನ್ನು ಸೈಜಿನ ಮಾತು. ಮಾರುಕಟ್ಟೆಯಲ್ಲಿ 38 ಇಂಚು, 40, 41 ಇಂಚು ಎಂದು ಹೇಳುವುದು ತಲೆಯಿಂದ ಬುಡದವರೆಗಿನ ಪೂರ್ತಿ ಉದ್ದ. 41 ಇಂಚು ಅಂದರೆ 104 ಸೆಂಟಿಮೀಟರ್. ರೈಲ್ವೆಯವರು ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ ಹೇಳಿರುವ ಅಳತೆ 100×60×25 ಸೆಂಟಿಮೀಟರ್. ಗಿಟಾರ್ ನಾಲ್ಕು ಸೆಂಟಿಮೀಟರ್ ಜಾಸ್ತಿ ಇದೆ ಎಂದು ಯಾವ ಟಿಸಿಯೂ ಇಳಿಸುವುದಿಲ್ಲ, ಸರಿ. ಆದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ ಅದನ್ನು ಇಡುವುದು ಎಲ್ಲಿ? ಸೀಟಿನ ಕೆಳಗೆ ಟ್ರಂಕು, ಜೋಳದ ಚೀಲ, ನೀರಿನ ಕ್ಯಾನು. ಮೇಲಿನ ಬರ್ತಿನಲ್ಲಿ ಗಿಟಾರ್ ಜೊತೆ ಮಲಗಿದರೆ ಕಾಲು ಚಾಚಲು ಜಾಗವಿಲ್ಲ. ಜನರಲ್ ಬೋಗಿಯಲ್ಲಿ ಸಾಮಾನಿನ ರ‍್ಯಾಕಿಗೆ ಹಾಕಿದರೆ ತಲೆ ಹೊರಗೆ ಚಾಚಿಕೊಂಡು, ಹತ್ತುವ ಇಳಿಯುವವರ ಭುಜಕ್ಕೆ ತಾಗುತ್ತದೆ. ಗಿಟಾರ್ ಮುರಿಯುವುದು ಹೆಚ್ಚಾಗಿ ಅಲ್ಲೇ, ಕುತ್ತಿಗೆ ತಲೆಗೆ ಸೇರುವ ಸಂದಿನಲ್ಲಿ. ಮುಕ್ಕಾಲು ಸೈಜಿನ 36 ಇಂಚಿನದು 91 ಸೆಂಟಿಮೀಟರ್. ಹೊಟ್ಟೆಯೂ ತೆಳ್ಳಗೆ. ರ‍್ಯಾಕಿನಲ್ಲಿ ಒಳಗೇ ಕೂರುತ್ತದೆ. ಟಂಟಂನಲ್ಲಿ ಎದೆಗೆ ಅವಚಿಕೊಂಡು ಕೂತರೆ ಪಕ್ಕದವರಿಗೆ ತೊಂದರೆಯಿಲ್ಲ.

ಸಣ್ಣದಕ್ಕೆ ಇನ್ನೊಂದು ಲಾಭವಿದೆ, ಗಣಿತದವಳಾಗಿ ಇದನ್ನು ಹೇಳಲೇಬೇಕು. ನುಡಿಸುವ ತಂತಿಯ ಉದ್ದಕ್ಕೆ, ಅಂದರೆ ಕುತ್ತಿಗೆಯ ತುದಿಯ ನಟ್ ಎಂಬ ಪಟ್ಟಿಯಿಂದ ಬ್ರಿಡ್ಜ್ ಮೇಲಿನ ಸ್ಯಾಡಲ್ ಎಂಬ ಪಟ್ಟಿಯವರೆಗಿನ ದೂರಕ್ಕೆ, ಸ್ಕೇಲ್ ಎನ್ನುತ್ತಾರೆ. ಯಮಹಾ ಎಫ್310 ಎಂಬ ಪೂರ್ತಿ ಸೈಜಿನ ಗಿಟಾರಿನಲ್ಲಿ ಇದು 634 ಮಿಲಿಮೀಟರ್. ಅದೇ ಕಂಪನಿಯ ಮುಕ್ಕಾಲು ಸೈಜಿನ ಜೆಆರ್2ನಲ್ಲಿ 540. ಅದೇ ತಂತಿ, ಅದೇ ಶ್ರುತಿ ಇಟ್ಟರೆ ಬಿಗುವು ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 540ನ್ನು 634ರಿಂದ ಭಾಗಿಸಿ ವರ್ಗ ಮಾಡಿದರೆ 0.73ರ ಹತ್ತಿರ ಬರುತ್ತದೆ. ಬಿಗುವು ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ! ಪೂರ್ತಿ ಸೈಜಿನಲ್ಲಿ ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕೆ.ಜಿ. ಭಾರದಷ್ಟು ಎಳೆಯುತ್ತವೆ. ಸಣ್ಣದರಲ್ಲಿ ಕುತ್ತಿಗೆಗೂ ಬ್ರಿಡ್ಜ್‌ಗೂ ಅಷ್ಟು ಹೊರೆ ಇಲ್ಲ. ಕಲಿಯುವ ಮಕ್ಕಳ ಬೆರಳಿಗೂ ಇಲ್ಲ. "ಬೆರಳ ನೋಯ್ತಾವ್ರಿ ಮೇಡಂ" ಎಂದು ದೊಡ್ಡ ಗಿಟಾರ್ ಕೆಳಗಿಟ್ಟ ಮಕ್ಕಳು ಇದನ್ನು ಹಿಡಿದು ನುಡಿಸುವುದನ್ನು ಕಂಡಿದ್ದೇನೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸಣ್ಣ ಗಿಟಾರಿಗೆ ತೀರಾ ತೆಳು ತಂತಿ ಹಾಕಬಾರದು. 10ರ ಸೆಟ್ (ಅದರ ಅತಿ ತೆಳು ತಂತಿಯ ದಪ್ಪ 0.010 ಇಂಚು) ಹಾಕಿದರೆ ತಂತಿ ಜೋಲು ಬಿದ್ದು ಗರಗರ ಎನ್ನುತ್ತದೆ. 12ರ ಸೆಟ್ ಸರಿಯಾಗಿ ಕೂರುತ್ತದೆ.

ಸಣ್ಣದು ಅಂದರೆ ಆಟಿಕೆ ಸಾಮಾನು ಎಂದು ಹಲವರು ತಿಳಿದಿದ್ದಾರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದು ಹಾಡಿದ ಇಂಗ್ಲೆಂಡಿನ ಗಾಯಕ ಎಡ್ ಶೀರನ್, ಹೆಸರು ಮಾಡಿದ್ದೇ ಲಿಟಲ್ ಮಾರ್ಟಿನ್ ಎಂಬ ಪುಟ್ಟ ಗಿಟಾರ್ ಹಿಡಿದು. ಅದರ ಸ್ಕೇಲ್ 23 ಇಂಚು. ಅದರ ಬೆನ್ನು ಮತ್ತು ಪಕ್ಕಗಳು ಇಡೀ ಮರದವಲ್ಲ, ಪದರ ಪದರವಾಗಿ ಒತ್ತಿ ಮಾಡಿದ ಲ್ಯಾಮಿನೇಟ್. ಅದರ ಬೆಲೆ ನಮ್ಮಂಥವರಿಗೆ ಎಟುಕುವಂಥದ್ದಲ್ಲ, ಆ ಮಾತು ಬೇರೆ.

ನಮ್ಮ ಜನ ಹೆಚ್ಚಾಗಿ ಕೊಳ್ಳುವುದು ಯಾವುದನ್ನು? ಫೋನಿನಲ್ಲಿ ನೋಡಿ, ಎರಡು-ಮೂರು ಸಾವಿರಕ್ಕೆ ಬರುವ 38 ಇಂಚಿನದನ್ನು. ಬ್ಯಾಗು, ಬೆಲ್ಟು, ಪಿಕ್ಕು, ಜಾಸ್ತಿ ಒಂದು ಸೆಟ್ ತಂತಿ, ಎಲ್ಲ ಅದರಲ್ಲೇ. ಫೋಟೊದಲ್ಲಿ ಮಿರಿಮಿರಿ ಮಿಂಚುತ್ತಿರುತ್ತದೆ. ನನ್ನ ತಂಗಿಯ ಮಗ ಅಂಥದ್ದೇ ತರಿಸಿದ. ಮೊದಲು ಚೆನ್ನಾಗಿಯೇ ಇತ್ತು. ಒಂದು ಬೇಸಿಗೆ ಕಳೆಯುವುದರೊಳಗೆ ಕುತ್ತಿಗೆ ಮುಂದಕ್ಕೆ ಬಾಗಿ, 12ನೇ ಫ್ರೆಟ್ಟಿನ (ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಹತ್ತಿರ ತಂತಿ ನನ್ನ ಕಿರುಬೆರಳು ತೂರುವಷ್ಟು ಮೇಲೆದ್ದಿತ್ತು. ಒತ್ತಿದರೆ ಬೆರಳು ಕೊಯ್ದಂತೆ ಆಗುತ್ತಿತ್ತು, ಒತ್ತಿದ ಮೇಲೂ ಸ್ವರ ಮೇಲಕ್ಕೆ ಜಾರುತ್ತಿತ್ತು. ಬಿಚ್ಚಿ ನೋಡಿದರೆ ಕುತ್ತಿಗೆಯ ಒಳಗೆ ಟ್ರಸ್ ರಾಡ್ ಇಲ್ಲವೇ ಇಲ್ಲ. ಟ್ರಸ್ ರಾಡ್ ಅಂದರೆ ಕುತ್ತಿಗೆಯ ಉದ್ದಕ್ಕೂ ಹಾಯ್ದಿರುವ ಕಬ್ಬಿಣದ ಸರಳು. ಬಾಗಿದರೆ ಅಲೆನ್ ಕೀ ಹಾಕಿ ತಿರುಗಿಸಿ ನೇರ ಮಾಡಬಹುದು. ಅದಿಲ್ಲದ ಗಿಟಾರ್ ಬಾಗಿದರೆ ಸರಿಮಾಡಲು ಸುಲಭದ ದಾರಿಯಿಲ್ಲ. ಹುಡುಗ ಮಾತ್ರ "ನನ್ ಕೈಗೇ ಗಿಟಾರ್ ಬರಂಗಿಲ್ಲ ದೊಡ್ಡವ್ವ" ಎಂದು ಬಿಟ್ಟುಬಿಟ್ಟ. ನನಗೆ ನೋವಾಗುವುದು ಇದೇ. ರೊಕ್ಕ ಹೋದದ್ದಕ್ಕಿಂತ, ಕೆಟ್ಟ ವಾದ್ಯ ಸಿಕ್ಕಿ ತನಗೆ ಸಂಗೀತವೇ ಬರುವುದಿಲ್ಲ ಎಂದು ನಂಬುವ ಮಕ್ಕಳು ಎಷ್ಟು ಜನ ಇದ್ದಾರೋ!

ಆದ್ದರಿಂದ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಅಂಗಡಿಗೆ ಹೋಗುವಾಗ ಒಂದು ಉಕ್ಕಿನ ಅಳತೆಪಟ್ಟಿ ಒಯ್ಯಿರಿ, ತುದಿಯಿಂದಲೇ ಸೊನ್ನೆ ಶುರುವಾಗುವಂಥದ್ದು. ಫೋನಿನಲ್ಲಿ ಪುಕ್ಕಟೆ ಸಿಗುವ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ಮೊದಲು ಅಂಗಡಿಯವರಿಗೆ ಶ್ರುತಿ ಮಾಡಿಕೊಡಲು ಹೇಳಿ. ತಂತಿ ಸಡಿಲ ಇರುವಾಗ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಶ್ರುತಿ ಆದ ಮೇಲೆ 12ನೇ ಫ್ರೆಟ್ಟಿನ ಮೇಲೆ ಅಳತೆಪಟ್ಟಿ ನಿಲ್ಲಿಸಿ, ಫ್ರೆಟ್ಟಿನ ತಲೆಯಿಂದ ತಂತಿಯ ತಳದವರೆಗೆ ಅಳೆಯಿರಿ. ದಪ್ಪ ತಂತಿಯ ಕಡೆ ಎರಡೂವರೆ ಮಿಲಿಮೀಟರ್, ತೆಳು ತಂತಿಯ ಕಡೆ ಎರಡರ ಹತ್ತಿರ ಇದ್ದರೆ ಚೆನ್ನ. ಮೂರರವರೆಗೆ ಒಪ್ಪಬಹುದು. ನಾಲ್ಕು ದಾಟಿದರೆ ವಾಪಸ್ ಕೊಡಿ. ಮೂರು, ಮೂರೂವರೆ ಇದ್ದು ಉಳಿದದ್ದೆಲ್ಲ ಸರಿಯಿದ್ದರೆ ಸ್ಯಾಡಲ್ ಎಂಬ ಬಿಳಿ ಪಟ್ಟಿಯನ್ನು ಹೊರತೆಗೆದು ತಳವನ್ನು ಸ್ಯಾಂಡ್ ಪೇಪರಿನ ಮೇಲೆ ತಿಕ್ಕಿ ತಗ್ಗಿಸಬಹುದು. ಒಂದು ಮಿಲಿಮೀಟರ್ ತಿಕ್ಕಿದರೆ 12ನೇ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ, ಯಾಕೆಂದರೆ ಅದು ತಂತಿಯ ಸರಿ ನಡುವೆ ಇದೆ. ಹಾರ್ಮೋನಿಯಂ ರಿಪೇರಿ ಮಾಡುವವರು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ನನ್ನದನ್ನು ಹಾಗೇ ಮಾಡಿಸಿದೆ.

ಆಮೇಲೆ ಒಂದು ತಂತಿಯನ್ನು ಎಲ್ಲೂ ಒತ್ತದೆ ನುಡಿಸಿ, ಅದನ್ನೇ 12ನೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿ. ಕೆಳಗಿನ ಸಾ, ಮೇಲಿನ ಸಾ ಬರಬೇಕು. ಟ್ಯೂನರಿನಲ್ಲಿ ಎರಡು ಸಲವೂ ಅದೇ ಅಕ್ಷರ ಬಂದು ಮುಳ್ಳು ನಡುವೆ ನಿಲ್ಲಬೇಕು. ಆರೂ ತಂತಿಗೆ ಹೀಗೆ ನೋಡಿ. ಇದು ತಪ್ಪಿದ್ದರೆ ಆ ಗಿಟಾರ್ ಎಷ್ಟು ಶ್ರುತಿ ಮಾಡಿದರೂ ಹಾಡಿಗೆ ಕೂಡುವುದಿಲ್ಲ. ಹಾಗೇ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ಒತ್ತಿ, ಎಲ್ಲಾದರೂ ಗರ್ ಎನ್ನುತ್ತದಾ ಕೇಳಿ. ಹೊತ್ತು ಹಿಡಿಯುತ್ತದೆ, ಅಂಗಡಿಯವರು ಮುಖ ನೋಡುತ್ತಾರೆ, ಪರವಾಗಿಲ್ಲ. ಬ್ರಿಡ್ಜ್‌ನ ಹಿಂಬದಿಯಲ್ಲಿ ಒಂದು ಕಾಗದದ ಅಂಚು ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಕುತ್ತಿಗೆಯ ಅಂಚಿನಲ್ಲಿ ಬೆರಳಾಡಿಸಿ. ಫ್ರೆಟ್ಟಿನ ತುದಿ ಚುಚ್ಚಿದರೆ ಮರ ಆಗಲೇ ಒಣಗಿ ಕುಗ್ಗಿರಬಹುದು. ಕೊನೆಗೆ ಟ್ರಸ್ ರಾಡ್. ತಲೆಯ ಮೇಲಿನ ಸಣ್ಣ ಮುಚ್ಚಳದ ಕೆಳಗೆ, ಇಲ್ಲವೇ ದನಿ ಬರುವ ತೂತಿನೊಳಗೆ ಕುತ್ತಿಗೆಯ ಬುಡದಲ್ಲಿ ಅದರ ತುದಿ ಕಾಣುತ್ತದೆ. ಕಾಣದಿದ್ದರೆ ತೋರಿಸಿ ಎಂದು ಕೇಳಿ. ಸ್ಟೀಲ್ ತಂತಿಯ ಗಿಟಾರಿಗೆ ಈ ಸರಳು ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ನಮ್ಮ ಶಾಲೆಯಲ್ಲಿ ಓದಿ ಧಾರವಾಡಕ್ಕೆ ಹೊರಟ ಹುಡುಗಿಯೊಬ್ಬಳಿಗೆ ಗಿಟಾರ್ ಕೊಡಿಸಲು ಅವಳ ಅಪ್ಪನ ಜೊತೆ ಹೋಗಿದ್ದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಿ ಬಂದ ರೊಕ್ಕ ಕೈಯಲ್ಲಿತ್ತು. ಒಂದೇ ಬೆಲೆಗೆ ದೊಡ್ಡದೂ ಇತ್ತು, ಮುಕ್ಕಾಲು ಸೈಜಿನದೂ ಇತ್ತು. "ಇಷ್ಟ್ ಸಣ್ಣದಕ್ಕ ಅಷ್ಟೇ ರೊಕ್ಕೇನ್ರಿ ಮೇಡಂ?" ಎಂದು ಅವರು ಕೇಳಿದ್ದು ನ್ಯಾಯವೇ. ಎರಡನ್ನೂ ಅಳೆದು ತೋರಿಸಿದೆ. ದೊಡ್ಡದರಲ್ಲಿ ತಂತಿ ನಾಲ್ಕು ಮಿಲಿಮೀಟರ್ ಮೇಲಿತ್ತು, ಸರಳೂ ಇರಲಿಲ್ಲ. ಸಣ್ಣದರಲ್ಲಿ ಎರಡೂ ಸರಿಯಿತ್ತು. ಹುಡುಗಿ ಎರಡನ್ನೂ ಹೆಗಲಿಗೆ ಹಾಕಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿದಳು. ಸಣ್ಣದನ್ನೇ ಇಟ್ಟುಕೊಂಡಳು. ಅವಳು ಈಗ ಹಾಸ್ಟೆಲಿನಲ್ಲಿ ನುಡಿಸುವುದನ್ನು ಫೋನಿನಲ್ಲಿ ಕಳಿಸುತ್ತಿರುತ್ತಾಳೆ.

ಹೆಸರು ಹೇಳಿ ಎನ್ನುವವರಿಗೆ: ಸ್ವಲ್ಪ ಜಾಸ್ತಿ ರೊಕ್ಕ ಕೊಡಲು ಆಗುವುದಾದರೆ ಯಮಹಾ ಜೆಆರ್2 ನೋಡಿ, ಫೆಂಡರ್ ಎಫ್‌ಎ-15 ನೋಡಿ. ಎರಡೂ ಮುಕ್ಕಾಲು ಸೈಜು, ಎರಡೂ ಪ್ಲೈವುಡ್. ಫೆಂಡರಿನ ಸ್ಕೇಲ್ 23.3 ಇಂಚು, ಅಂದರೆ ಸುಮಾರು 592 ಮಿಲಿಮೀಟರ್, ಹಾಗಾಗಿ ಉದ್ದ ಬೆರಳಿನವರಿಗೆ ಅದು ಸಲೀಸು. ಅಷ್ಟು ಇಲ್ಲದವರು ಐದಾರು ಸಾವಿರದಲ್ಲಿ ಯಾವ ಕಂಪನಿಯದಾದರೂ ಸರಿ, ಮೇಲೆ ಹೇಳಿದಂತೆ ಅಳೆದು ಕೊಳ್ಳಲಿ. ತೀರಾ ಪುಟ್ಟದು ಬೇಕಾದರೆ ಗಿಟಾಲೆಲೆ ಎಂಬುದಿದೆ. ಯಮಹಾದ ಜಿಎಲ್1ರ ಸ್ಕೇಲ್ 433 ಮಿಲಿಮೀಟರ್ ಅಷ್ಟೇ, ನೈಲಾನ್ ತಂತಿ, ಬೆರಳಿಗೆ ಮೆತ್ತಗೆ. ಗಿಟಾರಿನ ಹಿಡಿತಗಳೇ ಅದಕ್ಕೂ ಆಗುತ್ತವೆ, ಶ್ರುತಿ ಮಾತ್ರ ಮೇಲೆ, ಐದನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದಷ್ಟು. ನೈಲಾನ್ ತಂತಿಯ ಗಿಟಾರಿಗೆ ಮಾತ್ರ ಯಾರೇ ಹೇಳಿದರೂ ಸ್ಟೀಲ್ ತಂತಿ ಹಾಕಬೇಡಿ, ಬ್ರಿಡ್ಜ್ ಕಿತ್ತು ಬರುತ್ತದೆ.

ಬ್ಯಾಗಿಗೆ ಬೇರೆ ರೊಕ್ಕ ತೆಗೆದಿಡಿ. ಗಿಟಾರ್ ಜೊತೆ ಪುಕ್ಕಟೆ ಬರುವ ತೆಳು ಕವರ್ ಧೂಳಿಗಷ್ಟೇ ಸಾಕು. ದಪ್ಪ ಫೋಮ್ ಇರುವ, ಎರಡೂ ಹೆಗಲಿಗೆ ಹಾಕಿಕೊಳ್ಳುವ ಬ್ಯಾಗ್ ಬೇಕು. ರೈಲು ಹತ್ತುವಾಗ ಎರಡೂ ಕೈ ಖಾಲಿ ಇರಬೇಕಲ್ವಾ? ಒಳಗೆ ಕುತ್ತಿಗೆಯ ಕೆಳಗೆ ಒಂದು ಟವೆಲ್ ಸುತ್ತಿ ಇಡಿ.

ಕೊನೆಯದಾಗಿ ಕಲಬುರಗಿ, ಬೀದರ್, ಯಾದಗಿರಿಯ ವಾದ್ಯದ ಅಂಗಡಿಯವರಲ್ಲಿ ಒಂದು ಕಳಕಳಿಯ ಮನವಿ. ನಿಮ್ಮಲ್ಲಿ ತಬಲಾ ಕೊಳ್ಳಲು ಬಂದವರಿಗೆ ಬಾರಿಸಿ ನೋಡಲು ಕೊಡುತ್ತೀರಿ, ಹಾರ್ಮೋನಿಯಂ ಬಿಚ್ಚಿ ರೀಡ್ ತೋರಿಸುತ್ತೀರಿ. ಗಿಟಾರ್ ಮಾತ್ರ ಪ್ಲಾಸ್ಟಿಕ್ ಸುತ್ತಿಕೊಂಡು ಮೇಲಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಒಂದು ಅಂಗಡಿಯಲ್ಲಿ "ತಗೊಳ್ಳೂದಿದ್ರ ಬಿಚ್ತೀನ್ರಿ" ಎಂದರು. ಬಿಚ್ಚದೆ, ನುಡಿಸದೆ ತೆಗೆದುಕೊಳ್ಳುವುದು ಹೇಗೆ? ನಿಮಗೂ ಧೂಳಿನ ಚಿಂತೆ, ಗೀರು ಬೀಳುವ ಚಿಂತೆ ಇರುತ್ತದೆ, ಗೊತ್ತು. ಎಲ್ಲವನ್ನೂ ಬಿಚ್ಚುವುದು ಬೇಡ. ಮುಕ್ಕಾಲು ಸೈಜಿನದು ಒಂದು, ದೊಡ್ಡದು ಒಂದು, ಶ್ರುತಿ ಮಾಡಿ ಕೆಳಗೆ ಕೈಗೆ ಸಿಗುವಂತೆ ಇಡಿ. ಮುಕ್ಕಾಲು ಸೈಜು ಇಟ್ಟರೆ ಹೋಗುವುದಿಲ್ಲ ಎನ್ನುತ್ತೀರಿ. ಹಿಡಿದು ನೋಡಲು ಸಿಕ್ಕರೆ ಕೊಳ್ಳುತ್ತಾರೆ. ನಾನೇ ಎಷ್ಟೋ ಜನರನ್ನು ಕಳಿಸುತ್ತೇನೆ.

ಸಂಪಾದಕರೇ, ಜೂನ್‌ನಲ್ಲಿ ಕಾಲೇಜು ಶುರುವಾಗುವ ಮೊದಲು ನಿಮ್ಮ ಪುರವಣಿಯಲ್ಲಿ ಒಂದು ಪುಟವನ್ನು ವಾದ್ಯಗಳಿಗೆ ಕೊಡಿ. ಗಿಟಾರ್ ಒಂದೇ ಅಲ್ಲ, ಹಾರ್ಮೋನಿಯಂ, ತಬಲಾ, ಏಕತಾರಿ, ಕೊಳಲು ಕೊಳ್ಳುವಾಗ ಏನು ನೋಡಬೇಕು ಎಂಬುದನ್ನು ಬಲ್ಲವರಿಂದ ಬರೆಸಿ. ಗಿಟಾರಿನ ಭಾಗ ಬರೆದುಕೊಡಲು ನಾನು ತಯಾರಿದ್ದೇನೆ.

ಇಂತಿ,
ಒಬ್ಬ ಪ್ರೌಢಶಾಲಾ ಗಣಿತ ಶಿಕ್ಷಕಿ
ಕಲಬುರಗಿ